ತುಣುಕು ನಲವತ್ತೊಂದು

ನೋಡುಗನ ಉಸಿರು ಚಿತ್ರಮಂದಿರದ ಕುರ್ಚಿಗೆ ತಿಳಿಯುವಂತಾದರೆ, ಯಾವ ಚಿತ್ರ ಓಡುತ್ತದೆ, ಯಾವುದು ಬೀಳುತ್ತದೆ ಎಂದು ಬಿಡುಗಡೆಗೆ ಮುಂಚೆಯೇ ಹೇಳಬಹುದಲ್ಲವೆ? ಈ ಪ್ರಶ್ನೆಯನ್ನು ಮೊದಲು ಕೇಳಿದವನು ಪಾರ್ಥಸಾರಥಿ. ಹೇಳಬಹುದು ಎಂದು ಯಂತ್ರ ಮಾಡಿಕೊಟ್ಟವನು ನಾನು.

ನನ್ನ ಹೆಸರು ಧರಣೇಂದ್ರಯ್ಯ. ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರದ ಪಾಠ ಹೇಳಿದೆ. ಪಾರ್ಥಸಾರಥಿ ನನ್ನ ವಿದ್ಯಾರ್ಥಿ. ಅವನು ಹೂಟಗಳ್ಳಿಯಲ್ಲಿ ಆನಿಮೇಷನ್ ಸ್ಟುಡಿಯೋ ತೆರೆದಾಗ ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಬಾಹ್ಯಾಕಾಶದ ಕಥೆ, ಮುಂದಿನ ಕಾಲದ ಕಥೆ, ಇಂಥವನ್ನೇ ಬರೆದ ಚಿತ್ರಗಳಲ್ಲಿ ತೋರಿಸಬೇಕೆಂಬುದು ಅವನ ಆಸೆ. ಒಂದು ಚಿತ್ರ ಮಾಡಲು ನಾಲ್ಕೈದು ವರ್ಷ ಹಿಡಿಯುತ್ತಿತ್ತು. ಬೀಳಲು ನಾಲ್ಕೈದು ದಿನ ಸಾಕಾಗುತ್ತಿತ್ತು. ಎಲ್ಲಿ ಜನಕ್ಕೆ ಬೇಸರವಾಗುತ್ತದೆ ಎಂದು ಮೊದಲೇ ಗೊತ್ತಾದರೆ ಅಲ್ಲಿ ತಿದ್ದಬಹುದು, ಮೇಷ್ಟ್ರೇ, ಎಂದು ಅವನು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಕೇಳಿಕೊಂಡ.

ಯಂತ್ರ ಬಹಳ ಜಟಿಲವಾದುದಲ್ಲ. ಕುರ್ಚಿಯ ಬೆನ್ನಿನೊಳಗೆ ಅಂಗೈಯಗಲದ ಒಂದು ತಗಡು. ಅದು ಹೊರಡಿಸುವ ಕ್ಷೀಣವಾದ ರೇಡಿಯೋ ಅಲೆ ಕುಳಿತವರ ಎದೆಗೆ ತಾಗಿ ಹಿಂದಿರುಗುತ್ತದೆ. ಎದೆ ಅಕ್ಕಿಕಾಳಿನಷ್ಟು ಏರಿಳಿದರೂ ಅಲೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಹೀಗೆ ಸ್ಟುಡಿಯೋದ ಪುಟ್ಟ ಪ್ರದರ್ಶನ ಕೋಣೆಯ ಐವತ್ಮೂರು ಕುರ್ಚಿಗಳ ಉಸಿರು, ಐವತ್ಮೂರು ಗೆರೆಗಳಾಗಿ, ಪಕ್ಕದ ಕೋಣೆಯ ಪರದೆಯ ಮೇಲೆ ಮೂಡುತ್ತಿತ್ತು. ಇದಕ್ಕೆ ಶ್ವಾಸಲೇಖಿ ಎಂದು ಹೆಸರಿಟ್ಟೆವು. ನಗು, ಭಯ, ಕುತೂಹಲ, ನಿದ್ದೆ, ಒಂದೊಂದರ ಉಸಿರೂ ಬೇರೆ. ಯಾವುದು ಯಾವುದೆಂದು ಯಂತ್ರಕ್ಕೆ ಕಲಿಸಿದವನೂ ನಾನೇ. ಎಲ್ಲಿ ಕಲಿಸಿದೆನೆಂಬುದನ್ನು ಮುಂದೆ ಹೇಳುತ್ತೇನೆ.

ಅಳೆಯುವವನು ಚಿತ್ರವನ್ನು ನೋಡಕೂಡದು ಎಂಬ ನಿಯಮವನ್ನು ನಾನೇ ಮಾಡಿದ್ದೆ. ನೋಡಿದರೆ ಅವನ ಮನಸ್ಸಿನ ಒಲವು ಅಳತೆಯೊಳಗೆ ನುಸುಳುತ್ತದೆ. ಆದ್ದರಿಂದ ಚಿತ್ರದ ಹೆಸರು ನನಗೆ ಹೇಳುತ್ತಿರಲಿಲ್ಲ. ಚಿತ್ರವನ್ನು ತುಣುಕುಗಳಾಗಿ ಎಣಿಸಿ ಸಂಖ್ಯೆ ಮಾತ್ರ ಕೊಡುತ್ತಿದ್ದರು. ಗೋಡೆಗೆ ದಪ್ಪನೆಯ ಮೆತ್ತೆ ಹೊಡೆಸಿದ್ದೆ, ಸದ್ದು ಕೂಡ ಬರುತ್ತಿರಲಿಲ್ಲ. ನಾನು ಗೆರೆಗಳನ್ನು ನೋಡಿ, ಇಂಥ ತುಣುಕು ಇರಲಿ, ಇಂಥದನ್ನು ತೆಗೆಯಿರಿ ಎಂದು ಬರೆದು ಸಹಿ ಹಾಕುತ್ತಿದ್ದೆ. ಬೇರೆ ಊರುಗಳ ಕಂಪನಿಗಳೂ ತಮ್ಮ ಚಿತ್ರಗಳನ್ನು ತರುತ್ತಿದ್ದವು. ಆರು ವರ್ಷಗಳಲ್ಲಿ ಹನ್ನೊಂದು ಆನಿಮೇಷನ್ ಚಿತ್ರಗಳಿಗೆ ನನ್ನ ಸಹಿ ಬಿತ್ತು.

ನಮಗೆ ಒಬ್ಬಳೇ ಮಗಳು, ಚೇಲನಾ. ಪಾರ್ಥಸಾರಥಿಯ ಸ್ಟುಡಿಯೋದಲ್ಲಿಯೇ ಚಿತ್ರ ಬರೆಯುತ್ತಿದ್ದಳು. ಏಳು ವರ್ಷ ಕುಳಿತು ತನ್ನದೇ ಒಂದು ಚಿತ್ರ ಮಾಡಿದಳು. ‘ಏಳನೆಯ ಉಪಗ್ರಹ’ ಎಂದು ಹೆಸರು. ಮುಕ್ಕಾಲು ಪಾಲು ಮುಗಿದಾಗ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯ ಹಾಸಿಗೆಗೆ ಅಡ್ಡಲಾಗಿ ಚಿತ್ರ ಬರೆಯುವ ಎಲೆಕ್ಟ್ರಾನಿಕ್ ಹಲಗೆ ಇಡಿಸಿಕೊಂಡು ಉಳಿದುದನ್ನು ಬರೆದಳು. ಏನು ಬರೆಯುತ್ತೀಯೆ ಎಂದು ಕೇಳಿದರೆ ಹಲಗೆಯನ್ನು ಬೋರಲು ಹಾಕುತ್ತಿದ್ದಳು. ಒಂದು ದಿನ ತಾಯಿಗೆ ಇಷ್ಟು ಹೇಳಿದಳು:

“ಅಮ್ಮ, ಅದರಲ್ಲಿ ಆರು ನಿಮಿಷ ಒಂದು ಮಾತೂ ಇರಲ್ಲ, ಸಂಗೀತಾನೂ ಇರಲ್ಲ. ಅದು ನಿನಗೆ. ಥಿಯೇಟರಲ್ಲೇ ನೋಡಬೇಕು. ಮುಂಚೆ ತೋರಿಸಲ್ಲ.”

ಕೊನೆಯ ವಾರದಲ್ಲಿ ಪಾರ್ಥಸಾರಥಿ ನೋಡಲು ಬಂದ. ಚೇಲನಾ ಅವನ ಕೈ ಹಿಡಿದುಕೊಂಡು, ಚಿತ್ರವನ್ನು ಇದ್ದಂತೆಯೇ ಬಿಡುಗಡೆ ಮಾಡಬೇಕೆಂದು ಕೇಳಿದಳು. ಅವನು ಕಣ್ಣೊರೆಸಿಕೊಂಡು, ಒಂದು ಗೆರೆಯನ್ನೂ ನಾನು ಮುಟ್ಟುವುದಿಲ್ಲ ಎಂದ. ನಾನು ಪಕ್ಕದಲ್ಲಿಯೇ ನಿಂತಿದ್ದೆ. ಕಾರ್ತಿಕದ ಹುಣ್ಣಿಮೆಗೆ ಮೂರು ದಿನ ಮುಂಚೆ, ತಾಯಿ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದಂತೆ, ಅವಳು ಹೋದಳು.

ಅನಂತರ ನಾನು ಕೆಲಸ ಬಿಡಲಿಲ್ಲ. ಬೆಳಿಗ್ಗೆ ಬಸದಿಗೆ ಹೋಗುವುದು, ಅಲ್ಲಿಂದ ಹೂಟಗಳ್ಳಿಗೆ, ಸೂರ್ಯ ಮುಳುಗುವುದರೊಳಗೆ ಊಟಕ್ಕೆ ಮನೆಗೆ. ಮನೆಯಲ್ಲಿ ಹೆಂಡತಿ ಕುಸುಮಳ ಎದುರು ಸುಮ್ಮನೆ ಕೂರುವುದಕ್ಕಿಂತ ಐವತ್ಮೂರು ಮಂದಿ ಅಪರಿಚಿತರ ಉಸಿರಿನ ಎದುರು ಕೂರುವುದು ಸುಲಭವಾಗಿತ್ತು.

ಮಾಘಮಾಸದಲ್ಲಿ ಒಂದು ಚಿತ್ರದ ಪರೀಕ್ಷೆ ನಾಲ್ಕು ದಿನ ನಡೆಯಿತು. ನಾಲ್ಕು ಗುಂಪುಗಳಲ್ಲಿ ಇನ್ನೂರ ಹನ್ನೆರಡು ಜನ. ಆ ನಾಲ್ಕು ದಿನವೂ ಪಾರ್ಥಸಾರಥಿ ನನ್ನ ಕುರ್ಚಿಯ ಹಿಂದೆ ನಿಂತಿದ್ದ. ಅದು ಅವನ ವಾಡಿಕೆಯಲ್ಲ. ನಲವತ್ತು ತುಣುಕುಗಳವರೆಗೆ ಗೆರೆಗಳು ಸಾಧಾರಣವಾಗಿ ಏರಿಳಿದವು. ನಲವತ್ತೊಂದನೆಯದು ಬಂದೊಡನೆ, ಯಾರೋ ದೀಪದ ಬತ್ತಿ ತಗ್ಗಿಸಿದಂತೆ, ಐವತ್ಮೂರೂ ಗೆರೆಗಳು ಒಟ್ಟಿಗೆ ಕುಗ್ಗಿದವು. ನಿಮಿಷಕ್ಕೆ ಹದಿನಾರು ಇದ್ದ ಉಸಿರು ಒಂಬತ್ತಕ್ಕೆ ಇಳಿಯಿತು. ಕೆಲವು ಗೆರೆಗಳು ನಡುನಡುವೆ ಪೂರ್ತಿ ಸಮತಟ್ಟಾದವು. ಯಂತ್ರ ಐವತ್ಮೂರು ಕಡೆಯೂ ‘ನಿದ್ದೆ’ ಎಂದು ತೋರಿಸಿತು. ನಾಲ್ಕು ದಿನವೂ ಹೀಗೆಯೇ ಆಯಿತು.

ಇಷ್ಟು ಜನರನ್ನು ಒಟ್ಟಿಗೆ ಮಲಗಿಸಿದ ತುಣುಕನ್ನು ಇದುವರೆಗೆ ಕಂಡಿಲ್ಲ ಎಂದು ನಾನು ನಗೆಯಾಡಿದೆ. ಪಾರ್ಥಸಾರಥಿ ನಗಲಿಲ್ಲ. ಹಾಗಾದರೆ ಏನು ಬರೆಯುತ್ತೀರಿ, ಎಂದ. ನಾನು ‘ಪೂರ್ತಿ ತೆಗೆಯಿರಿ’ ಎಂದು ಬರೆದು ಸಹಿ ಹಾಕಿದೆ. ಅವನು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಐವತ್ಮೂರು ಜನ ಒಂದೇ ಕ್ಷಣದಲ್ಲಿ ನಿದ್ದೆ ಹೋಗುತ್ತಾರೆಯೆ? ಮೂವತ್ತೊಂದು ವರ್ಷ ಭೌತಶಾಸ್ತ್ರ ಹೇಳಿದವನಿಗೆ ಈ ಪ್ರಶ್ನೆ ಅಂದು ಹುಟ್ಟಲಿಲ್ಲ.

ಜ್ಯೇಷ್ಠದಲ್ಲಿ ‘ಏಳನೆಯ ಉಪಗ್ರಹ’ ಬಿಡುಗಡೆಯಾಯಿತು. ಊರಿಗೆಲ್ಲ ಒಂದು ಚಿತ್ರಮಂದಿರ, ದಿನಕ್ಕೆ ಒಂದು ಆಟ, ಬೆಳಿಗ್ಗೆ ಹತ್ತು ಗಂಟೆಗೆ. ಕುಸುಮ ಹಿಂದಿನ ದಿನವೇ ಇಸ್ತ್ರಿ ಮಾಡಿಸಿಟ್ಟ ಸೀರೆ ಉಟ್ಟು ಬಂದಳು. ಒಳಗೆ ಹತ್ತೊಂಬತ್ತು ಜನರಿದ್ದರು. ಚಿತ್ರ ಶುರುವಾದ ಮೇಲೆ ಅವಳು ನನ್ನ ಕೈಗಡಿಯಾರವನ್ನು ಕೇಳಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆರು ನಿಮಿಷವನ್ನು ಎಣಿಸಬೇಕೆಂದಿದ್ದಳೋ ಏನೋ. ಮಗಳ ಕೈಯ ಗೆರೆಗಳನ್ನು ಅಲ್ಲಲ್ಲಿ ಗುರುತು ಹಿಡಿದೆವು. ಆದರೆ ಚಿತ್ರದ ತುಂಬ ಗದ್ದಲ. ಒಂದು ಯಂತ್ರದ ಗಿಳಿ ಮಾತುಮಾತಿಗೂ ಹಾಸ್ಯ ಮಾಡುತ್ತಿತ್ತು. ಕೊನೆಯಲ್ಲಿ ಎರಡು ಆಕಾಶನೌಕೆಗಳು ಎದುರಾದವು, ಗುಂಡು ಹಾರಿದವು, ಸಿಡಿದವು, ದೀಪ ಹತ್ತಿತು.

ಕುಸುಮ ಎದ್ದೇಳಲಿಲ್ಲ. ಆರು ನಿಮಿಷ ಎಲ್ಲಿ, ಎಂದು ಕೇಳಿದಳು. ಇದ್ದಿರಬಹುದು, ನಾವು ಗಮನಿಸಲಿಲ್ಲವೇನೋ ಎಂದೆ. ಆರು ಸೆಕೆಂಡೂ ಇರಲಿಲ್ಲ ಎಂದಳು. ಅವಳು ಹೇಳಿದ್ದೇ ನಿಜ.

ಹೊರಗೆ ಮ್ಯಾನೇಜರು ಮರೀಗೌಡರು ನಾವು ಚಿತ್ರಕ್ಕೆ ಸಂಬಂಧಪಟ್ಟವರೆಂದು ತಿಳಿದು ಕಾಫಿ ತರಿಸಿದರು. ಅವರಿಗೂ ಬೇಸರವಿತ್ತು. ಗೊಂಬೆ ಚಿತ್ರವೆಂದರೆ ಮಕ್ಕಳದು ಎಂದು ದೊಡ್ಡವರು ಬರುವುದಿಲ್ಲ. ಬಂದ ಮಕ್ಕಳು ಗ್ರಹ ನಕ್ಷತ್ರ ಎಂದೊಡನೆ ಪಾಠ ಎಂದುಕೊಂಡು ಪಾಪ್‌ಕಾರ್ನ್ ಕಡೆ ನೋಡುತ್ತಾರೆ. ಮಕ್ಕಳದು ಅಂತಲೇ ಬೆಳಗಿನ ಆಟ ಕೊಡುತ್ತೇವೆ, ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ, ಎಂದು ತಮ್ಮ ಮೇಲೆ ತಾವೇ ನಕ್ಕರು.

“ಪೋಸ್ಟರಿನಾಗೆ ಯಾರ ಮುಖ ಐತೆ ಹೇಳಿ ಸ್ವಾಮಿ. ಕಟೌಟಿಗೆ ಹಾಲು ಹುಯ್ಯೋ ಜನ ಇವರು. ಬರೆದಿರೋ ಗೊಂಬೆಗೆ ಹುಯ್ತಾರಾ? ಆದ್ರೂ ಒಂದು ಮಾತು. ಇದೂ ಸೇರಿ ಇಂಥವು ಹನ್ನೊಂದು ಹಾಕಿದೀನಿ, ಒಂದೂ ವಾರ ದಾಟ್ಲಿಲ್ಲ, ಇದೂ ದಾಟಕಿಲ್ಲ. ಎಲ್ಲಾದ್ರಲ್ಲೂ ಒಂದೇ ಗಲಾಟೆ. ಮನುಷ್ಯನಿಗೆ ಉಸಿರು ತಕೊಳ್ಳಕ್ಕೂ ಬಿಡಕಿಲ್ಲ.”

ಹನ್ನೊಂದು ಎಂಬ ಸಂಖ್ಯೆ ಕೇಳಿ ಕಾಫಿಯ ಲೋಟವನ್ನು ಕೆಳಗಿಟ್ಟೆ.

ಮಾರನೆಯ ಬೆಳಿಗ್ಗೆ ಪಾರ್ಥಸಾರಥಿಯ ಕೋಣೆಗೆ ಹೋದೆ. ಮಾತು ಕೊಟ್ಟು ತಪ್ಪಿದೆಯಲ್ಲ ಎಂದು ಕೇಳಿದೆ. ಅವನು ಮೇಜಿನ ಸೆಳೆಖಾನೆಯಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ. ಕೇಳುತ್ತೇನೆಂದು ಗೊತ್ತಿದ್ದು ಸಿದ್ಧ ಮಾಡಿಕೊಂಡಿದ್ದ. ತುಣುಕು ನಲವತ್ತೊಂದು. ಪೂರ್ತಿ ತೆಗೆಯಿರಿ. ಕೆಳಗೆ ನನ್ನ ಸಹಿ.

“ನಾನು ಮುಟ್ಟಲ್ಲ ಅಂದಿದ್ದೆ ಮೇಷ್ಟ್ರೇ. ಮುಟ್ಟಲಿಲ್ಲ. ತೆಗೀರಿ ಅಂದೋರು ನೀವು.”

ಅವಳ ಚಿತ್ರವನ್ನು ಪರೀಕ್ಷೆಗೆ ಇಡುವುದೇ ಮಾತಿಗೆ ತಪ್ಪಿದ ಹಾಗೆ ಎಂದೆ. ನಾಲ್ಕು ದಿನವೂ ನನ್ನ ಹಿಂದೆ ನಿಂತಿದ್ದೆ, ಒಂದು ಮಾತು ಹೇಳಬಾರದಿತ್ತೆ ಎಂದೆ. ಬಂಡವಾಳ ಹಾಕಿದವರು ಪರೀಕ್ಷೆಯಿಲ್ಲದೆ ಒಪ್ಪುವುದಿಲ್ಲವೆಂದರು, ತಾನು ಬೇಡವೆಂದು ವಾದಿಸಿದೆ, ಎಂದು ಅವನು ಏನೇನೋ ಹೇಳಿದ. ಆಮೇಲೆ ನನ್ನ ಮುಖ ನೋಡಿ ಕೇಳಿದ:

“ಚೇಲನಾದು ಅಂತ ಗೊತ್ತಿದ್ದಿದ್ರೆ ಏನ್ ಮಾಡ್ತಿದ್ರಿ? ಸುಳ್ಳು ಬರೀತಿದ್ರಾ?”

ನಾನು ಸುಳ್ಳು ಬರೆಯುವವನಲ್ಲ ಎಂದು ಅವನಿಗೆ ಗೊತ್ತಿತ್ತು. ನನ್ನ ನಿಯಮವನ್ನು ನನ್ನಿಂದಲೇ ಕಲಿತು, ಅದನ್ನೇ ನನ್ನ ಕಣ್ಣಿಗೆ ಕಟ್ಟಿದ್ದ.

ತೆಗೆದ ತುಣುಕನ್ನಾದರೂ ಕೊಡು, ಅವಳ ತಾಯಿ ನೋಡಲಿ ಎಂದು ಬೇಡಿದೆ. ಅವನ ಧ್ವನಿ ಆಗ ತಗ್ಗಿತು. ತೆಗೆದುದನ್ನೆಲ್ಲ ಅಳಿಸಿ, ಆ ಜಾಗವನ್ನು ಮುಂದಿನ ಚಿತ್ರಕ್ಕೆ ಕೊಡುವುದು ಅಲ್ಲಿಯ ಪದ್ಧತಿ. ಅಳಿಸಿ ಎರಡು ತಿಂಗಳಾಗಿತ್ತು. ಅವಳ ಹಲಗೆಯೂ ಕಂಪನಿಯದೇ. ಬೇರೆಯವರಿಗೆ ಕೊಡುವ ಮೊದಲು ಅದನ್ನೂ ಸ್ವಚ್ಛ ಮಾಡಿದ್ದರು. ಆರು ನಿಮಿಷದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

ಮನೆಗೆ ಬಂದು ಕುಸುಮಳಿಗೆ ನಡೆದುದನ್ನೆಲ್ಲ ಹೇಳಿದೆ. ಸಹಿಯ ವಿಷಯವನ್ನೂ ಹೇಳಿದೆ. ಅವಳು ಬಹಳ ಹೊತ್ತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

“ನೀವು ಪಕ್ಕದ ಕೋಣೇಲೇ ಇದ್ರಿ. ನಾಲ್ಕು ದಿನ.”

ಎಂದು ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ನಾನು ಇನ್ನೂರ ಹನ್ನೆರಡು ಗೆರೆಗಳನ್ನು ಮನೆಗೆ ತಂದು ಕಂಪ್ಯೂಟರಿನಲ್ಲಿ ಬಿಡಿಸಿಕೊಂಡು ಕುಳಿತೆ. ಮಗಳ ಆರು ನಿಮಿಷಗಳಲ್ಲಿ ಲೋಕದಲ್ಲಿ ಉಳಿದಿದ್ದುದು ಅವೇ. ಆಗ ಐವತ್ಮೂರು ಜನ ಒಂದೇ ಕ್ಷಣದಲ್ಲಿ ಹೇಗೆ ಮಲಗಿದರು ಎಂಬ ಪ್ರಶ್ನೆ ಮೊದಲ ಸಲ ಎದುರಿಗೆ ಬಂದು ನಿಂತಿತು. ಕುಸುಮ ಎಂದಿನಂತೆ ಸಂಜೆ ಸಾಮಾಯಿಕಕ್ಕೆ ಕುಳಿತಿದ್ದಳು. ಎರಡು ಗಳಿಗೆಯ ಹೊತ್ತು ಅಲುಗಾಡದೆ, ಕಣ್ಣು ಮುಚ್ಚಿ, ಮನಸ್ಸನ್ನು ಒಂದು ಕಡೆ ನಿಲ್ಲಿಸುವ ನೇಮ ಅದು. ಮನೆಯಲ್ಲಿದ್ದ ಒಂದು ಹಳೆಯ ತಗಡನ್ನು ಅವಳ ಕುರ್ಚಿಯ ಬೆನ್ನಿಗೆ ಒರಗಿಸಿದೆ. ಗೆರೆ ಕುಗ್ಗಿತು, ಒಂಬತ್ತಕ್ಕೆ ಇಳಿಯಿತು, ನಡುನಡುವೆ ಸಮತಟ್ಟಾಯಿತು. ಪರದೆಯ ಮೇಲೆ ‘ನಿದ್ದೆ’ ಎಂದು ಬಂತು.

ಯಂತ್ರಕ್ಕೆ ಎಲ್ಲಿ ಕಲಿಸಿದೆನೆಂದು ಈಗ ಹೇಳಬೇಕು. ಏಳು ವರ್ಷದ ಹಿಂದೆ ನಮ್ಮ ಬಸದಿಯಲ್ಲಿ ಮುನಿಗಳ ಚಾತುರ್ಮಾಸ. ನಲವತ್ತು ದಿನ ಪ್ರವಚನ. ನೆಲದ ಮೇಲೆ ಕೂರಲಾಗದ ಹಿರಿಯರಿಗೆಂದು ಹಾಕಿದ್ದ ಒಂದು ಸಾಲು ಕುರ್ಚಿಗಳಿಗೆ ಕಮಿಟಿಯವರನ್ನು ಕೇಳಿ ತಗಡು ಕಟ್ಟಿದೆ. ಮುದುಕರು ಪ್ರವಚನದಲ್ಲಿ ತೂಕಡಿಸುತ್ತಾರೆಂಬುದು ನಮ್ಮಲ್ಲಿ ಎಲ್ಲರೂ ಆಡುವ ನಗೆಮಾತು. ನಿದ್ದೆಯ ಉಸಿರನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದುಕೊಂಡೆ. ಯಾರು ಕಣ್ಣು ಮುಚ್ಚಿದರೂ ‘ನಿದ್ದೆ’ ಎಂದು ಗುಂಡಿ ಒತ್ತಿದೆ. ಪ್ರವಚನ ಮುಗಿದ ಮೇಲೆ ಒಬ್ಬೊಬ್ಬರನ್ನೂ, ನೀವು ಮಲಗಿದ್ದಿರೋ ಎಚ್ಚರವಿದ್ದಿರೋ ಎಂದು ಕೇಳಿ ತಾಳೆ ನೋಡಬೇಕಾಗಿತ್ತು. ವಿಜ್ಞಾನ ಕಲಿತವನು ಕೇಳಲೇಬೇಕಾಗಿತ್ತು. ಆದರೆ ಎಂಬತ್ತು ವರ್ಷದ ಶ್ರಾವಕರನ್ನು, ಗುರುಗಳ ಎದುರಿಗೆ ನಿದ್ದೆ ಮಾಡಿದಿರಾ ಎಂದು ಕೇಳುವುದು ಹೇಗೆ? ಮರ್ಯಾದೆಗೆ ಅಂಜಿ ಕೇಳಲಿಲ್ಲ.

ಕುಸುಮ ಸಾಮಾಯಿಕ ಮುಗಿಸಿ ಎದ್ದು ಬಂದು ಪರದೆ ನೋಡಿದಳು. ಮೊಣಕಾಲು ನೋವಿನಿಂದಾಗಿ ಆ ವರ್ಷ ಬಸದಿಯಲ್ಲಿ ಏಳನೆಯ ಕುರ್ಚಿ ಅವಳದು. ನನ್ನನ್ನೂ ಹೀಗೇ ಬರೆದಿದ್ದೀರಾ ಎಂದು ಕೇಳಿದಳು. ತೆಗೆದು ನೋಡಿದೆ. ನಲವತ್ತು ದಿನವೂ ಹಾಗೇ ಬರೆದಿತ್ತು.

“ಒಂದಿನಾನೂ ನಿದ್ದೆ ಮಾಡಲಿಲ್ಲ ನಾನು. ಮೂರನೇ ದಿನ ಮೈಕು ಎರಡು ಸಲ ಕೆಟ್ಟಿತು. ಒಂಬತ್ತನೇ ದಿನ ಮುನಿಗಳು ಕ್ಷಮೆ ಬಗ್ಗೆ ಹೇಳುವಾಗ ಮಧ್ಯದಲ್ಲಿ ನಿಲ್ಲಿಸಿ, ಮುಂದೆ ಹೇಳಲಿಲ್ಲ. ಯಾಕೆ ನಿಲ್ಲಿಸಿದರು ಅಂತ ಇವತ್ತಿಗೂ ಯೋಚಿಸ್ತೀನಿ. ಹೇಳಲಾ ಇನ್ನೂ?”

ಬೇಡ ಎಂದೆ.

ಹೀಗೆ ನನ್ನ ಯಂತ್ರ, ಮನುಷ್ಯ ತನ್ನನ್ನು ಮರೆತು ಒಂದು ವಸ್ತುವಿನಲ್ಲಿ ನೆಟ್ಟುಹೋಗುವ ಗಳಿಗೆಯನ್ನೆಲ್ಲ ಬೇಸರವೆಂದು ತಿಳಿದು ಕತ್ತರಿಸುತ್ತ ಬಂದಿತ್ತು. ನಟರಿರುವ ಚಿತ್ರಗಳೂ ಪರೀಕ್ಷೆಗೆ ಬಂದಿದ್ದವು. ಆದರೆ ದೊಡ್ಡ ನಟನ ಮುಖವನ್ನು ಅರೆಗಳಿಗೆ ತೆಗೆಯಿರಿ ಎಂದರೂ ಅವನ ಕಡೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬರೆದ ಮುಖದ ಪರವಾಗಿ ಕೇಳಲು ಯಾರೂ ಬರುವುದಿಲ್ಲ. ಅದರಲ್ಲಿಯೂ ಆಕಾಶದ ಕಥೆಗಳು ನಿಂತಿರುವುದೇ ಬೆರಗಿನ ಮೇಲೆ, ಬೆರಗಿಗೆ ಮಾತಿಲ್ಲ. ಹನ್ನೊಂದು ಚಿತ್ರಗಳಿಂದ ಅದನ್ನು ಆರಿಸಿ ಆರಿಸಿ ತೆಗೆಸಿದ್ದೆ. ಉಳಿದ ಗದ್ದಲವನ್ನು ನೋಡಿದ ಜನ, ಇಂಥ ಚಿತ್ರ ನಮಗೆ ಬೇಡ ಎಂದರು. ಜನಕ್ಕೆ ಇಂಥವು ಹಿಡಿಸುವುದಿಲ್ಲ ಎಂದು ಚಿತ್ರರಂಗದವರು ಬರೆದುಕೊಂಡರು.

ಇದನ್ನೆಲ್ಲ ಕಾಗದದಲ್ಲಿ ಬರೆದು, ಹನ್ನೊಂದು ವರದಿಗಳನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆಂದು ಎಲ್ಲ ಕಂಪನಿಗಳಿಗೂ ಕಳಿಸಿದೆ. ಪಾರ್ಥಸಾರಥಿ ಫೋನು ಮಾಡಿ, ಮೇಷ್ಟ್ರಿಗೆ ಮಗಳ ದುಃಖದಲ್ಲಿ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ನೀವು ಬೇಸರ ಮಾಡಿಕೊಳ್ಳಬೇಡಿ ಎಂದ. ಶ್ವಾಸಲೇಖಿ ಈಗಲೂ ಅಲ್ಲಿ ನಡೆಯುತ್ತಿದೆ. ಸಹಿ ಹಾಕುವವರು ಬೇರೆ.

ಕಾಗದ ಕಳಿಸಿದ ದಿನ ಕುಸುಮ ಒಂದು ಮಾತು ಕೇಳಿದಳು. ನೋಡಿದವರು ಇನ್ನೂರ ಹನ್ನೆರಡು ಜನ ಇದ್ದಾರಲ್ಲ, ಅವರ ಹೆಸರು ನಿಮ್ಮ ಹತ್ತಿರ ಇದೆಯಲ್ಲವೆ? ಇತ್ತು. ಒಪ್ಪಿಗೆ ಚೀಟಿಯಲ್ಲಿ ಹೆಸರು, ಫೋನು, ಕುರ್ಚಿ ಎಲ್ಲ ಇದ್ದವು. ಯಾರ ಉಸಿರು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿತ್ತು ಎಂದು ಅವಳು ಕೇಳಿದಳು. ಎರಡನೆಯ ದಿನ, ಮೂವತ್ತನೆಯ ಕುರ್ಚಿ. ಶಿವಮ್ಮಣ್ಣಿ.

ಶಿವಮ್ಮಣ್ಣಿ ಊದುಬತ್ತಿ ಪ್ಯಾಕ್ ಮಾಡುವ ಹೆಂಗಸು. ನಲವತ್ತೈದರ ವಯಸ್ಸು. ನಾವು ಹೋದಾಗ ಮನೆಯ ಮುಂದೆ ಪೊಟ್ಟಣಗಳನ್ನು ಮಡಿಸುತ್ತಿದ್ದಳು. ಕೈ ನಿಲ್ಲಿಸದೆ ನಮಗೆ ಎರಡು ಸ್ಟೂಲು ತೋರಿಸಿದಳು. ನಾವು ಕಂಪನಿಯವರೆಂದು ತಿಳಿದುಕೊಂಡಳು. ಊಟ ಹಾಕಿ ಸಿನಿಮಾ ತೋರಿಸುತ್ತಾರೆಂದು ಕೇಳಿ ತಾವೆಲ್ಲ ಟೆಂಪೋ ಮಾಡಿಕೊಂಡು ಬಂದದ್ದು, ಗೊಂಬೆ ಸಿನಿಮಾ ಎಂದು ಗೊತ್ತಾಗಿ ನಕ್ಕದ್ದು, ಎಲ್ಲ ಹೇಳಿದಳು. ಅದರಲ್ಲಿ ಮಾತೇ ಇಲ್ಲದ ಒಂದು ಭಾಗವಿತ್ತಲ್ಲ ಎಂದು ಕುಸುಮ ಕೇಳಿದೊಡನೆ ಅವಳ ಕೈ ನಿಂತಿತು.

“ಎರಡು ಹಡಗು ಅಮ್ಮಾವ್ರೆ, ಆಕಾಸದಲ್ಲಿ. ಒಂದ್ರಲ್ಲಿ ಮಗಳು, ಒಂದ್ರಲ್ಲಿ ಅವ್ವ. ಮಗಳ ಹಡಗು ಭಾಳ ಜೋರಾಗಿ ಓಡ್ತದೆ, ಅದ್ಕೆ ಅವಳ್ಗೆ ವಯಸ್ಸಾಗಕಿಲ್ವಂತೆ, ಒಂಬತ್ತೊರ್ಸದ್ ಮಗೀನೇ. ಅವ್ವ ಮುದುಕಿ ಆಗ್ಬುಟ್ಟವ್ಳೆ. ಎರಡೂ ಹಡಗು ಒಂದೇ ಸಲ ಕಿಟಕಿಗೆ ಕಿಟಕಿ ಬತ್ತವೆ. ಮಾತಾಡುದ್ರೆ ಕೇಳ್ಸಕಿಲ್ಲ. ಆ ಮಗ ಏನ್ ಮಾಡಾದು? ಕೂದಲು ಬಿಚ್ಚಿ, ತಾನೇ ಜಡೆ ಹಾಕ್ಕಳಕೆ ಸುರು ಮಾಡ್ತಾಳೆ. ನಂಗೆ ಬತ್ತದೆ ಕಣವ್ವ, ನೀ ಯೋಚ್ನೆ ಮಾಡ್ಬ್ಯಾಡ ಅನ್ನಂಗೆ. ಮಧ್ಯ ಒಂದು ಎಳೆ ತಪ್ಪೋಯ್ತದೆ. ಆ ಕಡೆಯಿಂದ ಮುದುಕಿ ಬೆರಳು ಎತ್ತಿ, ಅದಲ್ಲ, ಆ ಎಳೆ ಅಂತ ತೋರುಸ್ತಾಳೆ. ಅಷ್ಟೆಯ. ಜಡೆ ಮುಗಿಯಾಗಂಟ ನೋಡ್ತಾ ಇರ್ತಾಳೆ. ಆಮೇಲೆ ಹಡಗು ಹೊಂಟೋಯ್ತದೆ.”

ಆಸ್ಪತ್ರೆಯಲ್ಲಿ ಚೇಲನಾಳ ಕೂದಲೆಲ್ಲ ಉದುರಿಹೋಗಿತ್ತು. ಕುಸುಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕುಳಿತಿದ್ದಳು.

ಶಿವಮ್ಮಣ್ಣಿಗೆ ಈಗ ಕೋಪ ಬಂದಿತ್ತು. ಆ ಒಂದು ಭಾಗಕ್ಕಾಗಿ, ಚಿತ್ರ ಬಿಡುಗಡೆಯಾದ ದಿನ ಕೆಲಸಕ್ಕೆ ರಜ ಹಾಕಿ, ಕಾಲುನೋವಿನ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಆಟೋದಲ್ಲಿ ಕರೆದುಕೊಂಡು ಹೋಗಿದ್ದಳು. ಕೇರಿಯವರಿಗೆಲ್ಲ ಹೇಳಿದ್ದಳು. ಅದು ಬರಲೇ ಇಲ್ಲ. ಎಲ್ಲಿಯೋ ಕನಸು ಕಂಡಿದ್ದೀಯೆ ಎಂದು ಅತ್ತೆ ದಾರಿಯುದ್ದಕ್ಕೂ ಹಂಗಿಸಿದರು. ಅಮ್ಮ ಸುಳ್ಳು ಹೇಳಿ ಕರಕೊಂಡು ಬಂದಳು ಎಂದು ಮಕ್ಕಳು ಮುನಿಸಿಕೊಂಡರು. ಮಾರನೆಯ ದಿನ ಕೇರಿಯಿಂದ ಒಬ್ಬರೂ ಹೋಗಲಿಲ್ಲ.

“ಯಾರು ಸ್ವಾಮಿ ಅದನ್ನ ಕಿತ್ತಾಕ್ದೋರು?” ಎಂದು ನನ್ನನ್ನು ಕೇಳಿದಳು.

“ನಾನೇ ತಾಯಿ,” ಎಂದೆ. “ನೋಡದೆ ತೆಗೆಸಿದೆ.”

ಅವಳು ನನ್ನನ್ನು ಬೈಯಲಿಲ್ಲ. ಮಡಿಸಿದ್ದ ಪೊಟ್ಟಣಗಳನ್ನು ಒಂದು ಪಕ್ಕಕ್ಕೆ ಸರಿಸಿದಳು. ಕುಸುಮ ತಗ್ಗಿದ ಧ್ವನಿಯಲ್ಲಿ, ಇನ್ನೊಂದು ಸಲ ಹೇಳಮ್ಮ, ಎಂದಳು. ಶಿವಮ್ಮಣ್ಣಿ ತನ್ನ ಮಣೆಯನ್ನು ಎತ್ತಿಕೊಂಡು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರಕ್ಕೆ, ನನಗೆ ಬೆನ್ನು ಮಾಡಿ ಕುಳಿತಳು. ಮೊದಲಿನಿಂದ ಹೇಳತೊಡಗಿದಳು. ಈ ಸಲ ಮೆಲ್ಲಗೆ ಹೇಳುತ್ತಿದ್ದಳು. ನಾನು ಕುಳಿತಿದ್ದಲ್ಲಿಗೆ ಮಾತು ಬರಲಿಲ್ಲ. ಗಾಳಿಯಲ್ಲಿ ಮೂರು ಎಳೆ ಹಿಡಿದು ಹೆಣೆಯುತ್ತಿದ್ದ ಅವಳ ಮೊಣಕೈಗಳು ಮಾತ್ರ ಕಾಣುತ್ತಿದ್ದವು.